ನೌಕರಿಯ ಗೂಟಕ್ಕೆ ಕಟ್ಟಿದ ಆರೋಗ್ಯ ವಿಮೆ

ಕಾಯಿಲೆ ಬೀಳುವುದಕ್ಕೂ ಕೆಲಸ ಕೊಟ್ಟ ಧಣಿಗೂ ಏನು ಸಂಬಂಧ? ಮೇಲುನೋಟಕ್ಕೆ ಯಾವ ಸಂಬಂಧವೂ ಇಲ್ಲ. ಆದರೆ ಅಮೆರಿಕದಲ್ಲಿ 15 ಕೋಟಿಗೂ ಹೆಚ್ಚು ಜನರ ಆರೋಗ್ಯ ವಿಮೆ ಅವರ ಅಥವಾ ಅವರ ಮನೆಯವರೊಬ್ಬರ ನೌಕರಿಗೆ ಅಂಟಿಕೊಂಡಿದೆ. ನೌಕರಿ ಇದ್ದರೆ ವಿಮೆ ಉಂಟು. ನೌಕರಿ ಹೋದರೆ ಅದರ ಹಿಂದೆಯೇ ವಿಮೆಯೂ ಹೋಗುತ್ತದೆ. ಇಂಥ ಏರ್ಪಾಟನ್ನು ಯಾರೂ ಕೂತು ಯೋಚಿಸಿ ರೂಪಿಸಲಿಲ್ಲ. ಖಾಲಿ ಹಾಸಿಗೆಗಳ ಚಿಂತೆ, ಒಂದು ಮಹಾಯುದ್ಧ ಮತ್ತು ತೆರಿಗೆಯ ಒಂದು ನಿಯಮ ಸೇರಿ ಅದನ್ನು ಹುಟ್ಟಿಸಿದವು.

ತಿಂಗಳಿಗೆ ಅರ್ಧ ಡಾಲರ್

1929ರ ಮಾತು. ಟೆಕ್ಸಾಸ್ ರಾಜ್ಯದ ಡಲ್ಲಾಸ್ ನಗರದಲ್ಲಿದ್ದ ಬೇಲರ್ ವಿಶ್ವವಿದ್ಯಾಲಯದ ಆಸ್ಪತ್ರೆಯ ಮೇಲ್ವಿಚಾರಣೆ ಜಸ್ಟಿನ್ ಫೋರ್ಡ್ ಕಿಂಬಲ್ ಅವರ ಪಾಲಿಗೆ ಬಂದಿತ್ತು. ಹಿಂದೆ ಅದೇ ನಗರದ ಶಾಲೆಗಳ ಮುಖ್ಯಾಧಿಕಾರಿಯಾಗಿದ್ದ ಅವರು ಆಸ್ಪತ್ರೆಯ ಲೆಕ್ಕಪತ್ರ ತಿರುವಿ ಹಾಕಿದಾಗ, ಬಾಕಿ ಉಳಿಸಿಕೊಂಡವರ ಪಟ್ಟಿಯಲ್ಲಿ ಪರಿಚಯದ ಶಿಕ್ಷಕರ ಹೆಸರುಗಳೇ ಕಂಡವು. ಒಮ್ಮೆಲೇ ದೊಡ್ಡ ಮೊತ್ತ ತೆರಲಾಗದವರು ತಿಂಗಳಿಗಿಷ್ಟು ಎಂದು ಮೊದಲೇ ಕೊಡಬಲ್ಲರಲ್ಲವೇ ಎಂದು ಅವರು ಯೋಚಿಸಿದರು. ಶಿಕ್ಷಕರೊಬ್ಬರಿಗೆ ತಿಂಗಳಿಗೆ 50 ಸೆಂಟ್, ಅಂದರೆ ಅರ್ಧ ಡಾಲರ್ ನಿಗದಿಯಾಯಿತು. ಅದಕ್ಕೆ ಪ್ರತಿಯಾಗಿ ವರ್ಷಕ್ಕೆ 21 ದಿನಗಳವರೆಗೆ ಆಸ್ಪತ್ರೆವಾಸ. ಸಾವಿರಕ್ಕೂ ಹೆಚ್ಚು ಶಿಕ್ಷಕರು ಸೇರಿದರು.

ಅದೇ ವರ್ಷ ನ್ಯೂಯಾರ್ಕಿನ ಷೇರುಪೇಟೆ ಕುಸಿದು ಮಹಾ ಆರ್ಥಿಕ ಮುಗ್ಗಟ್ಟು ಆರಂಭವಾಯಿತು. ರೋಗಿಗಳಿಲ್ಲದೆ ಸೊರಗುತ್ತಿದ್ದ ಇತರ ಆಸ್ಪತ್ರೆಗಳಿಗೂ ಡಲ್ಲಾಸ್‌ನ ಉಪಾಯ ಹಿಡಿಸಿತು. ಮುಂದೆ 'ಬ್ಲೂ ಕ್ರಾಸ್' ಎಂಬ ನೀಲಿ ಶಿಲುಬೆಯ ಗುರುತಿನಡಿ ಇಂಥ ಯೋಜನೆಗಳು ದೇಶದೆಲ್ಲೆಡೆ ಹಬ್ಬಿದವು. ಒಬ್ಬೊಬ್ಬರನ್ನೇ ಹುಡುಕಿ ಸೇರಿಸುವುದಕ್ಕಿಂತ ಒಂದು ಕಾರ್ಖಾನೆಯ ನೌಕರರನ್ನು ಗುಂಪಾಗಿ ಸೇರಿಸುವುದು ಸುಲಭ. ಕೆಲಸಕ್ಕೆ ಬರುವಷ್ಟು ಗಟ್ಟಿಯಾಗಿರುವ ಗುಂಪಿನಲ್ಲಿ ರೋಗಿಗಳ ಸಂಖ್ಯೆಯೂ ಕಡಿಮೆ. ವಿಮೆ ನೌಕರಿಯ ಅಂಗಳಕ್ಕೆ ಕಾಲಿಟ್ಟದ್ದು ಹೀಗೆ.

ಯುದ್ಧ ಹಾಕಿದ ಗಂಟು

ಈ ನಂಟನ್ನು ಬಿಗಿದದ್ದು ಎರಡನೆಯ ಮಹಾಯುದ್ಧ. ಗಂಡಾಳುಗಳು ಸೈನ್ಯ ಸೇರಿದ್ದರಿಂದ ಕಾರ್ಖಾನೆಗಳಲ್ಲಿ ಕೆಲಸಗಾರರಿಗೆ ಬರ ಬಂತು. ಹೆಚ್ಚು ಕೂಲಿಯ ಆಸೆ ತೋರಿಸಿ ಅವರನ್ನು ಸೆಳೆಯಲು ಹೊರಟರೆ ಬೆಲೆಗಳು ಗಗನಕ್ಕೇರುತ್ತವೆ ಎಂದು ಸರ್ಕಾರ ಹೆದರಿತು. 1942ರ ಸ್ಥಿರೀಕರಣ ಕಾಯ್ದೆಯ ಮೂಲಕ ಅಧ್ಯಕ್ಷ ರೂಸ್‌ವೆಲ್ಟ್ ಆಡಳಿತವು ವೇತನ ಏರಿಕೆಗೆ ಕಡಿವಾಣ ಹಾಕಿತು. ಆದರೆ ವಿಮೆ ಮತ್ತು ಪಿಂಚಣಿಯನ್ನು ಮಿತಿಯೊಳಗೆ ಈ ಕಟ್ಟಿನಿಂದ ಹೊರಗಿಟ್ಟಿತು. ಮಾಲೀಕರಿಗೆ ಅಷ್ಟೇ ಸಾಕಾಯಿತು. ಸಂಬಳ ಏರಿಸುವಂತಿಲ್ಲದಿದ್ದರೇನು, ಆಸ್ಪತ್ರೆಯ ಖರ್ಚು ನೋಡಿಕೊಳ್ಳುತ್ತೇವೆ ಎಂದು ಅವರು ಕೆಲಸಗಾರರನ್ನು ಕರೆದರು.

ಮರುವರ್ಷ ತೆರಿಗೆ ಇಲಾಖೆ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಮಾಲೀಕ ಕಟ್ಟುವ ಸಾಮೂಹಿಕ ವಿಮೆಯ ಕಂತು ನೌಕರನ ಆದಾಯವಲ್ಲ, ಅದಕ್ಕೆ ತೆರಿಗೆ ಇಲ್ಲ ಎಂದಿತು. 1954ರ ತೆರಿಗೆ ಸಂಹಿತೆ ಈ ವಿನಾಯಿತಿಯನ್ನು ಕಾಯಂ ಮಾಡಿತು. ನೂರು ಡಾಲರ್ ಸಂಬಳ ಹೆಚ್ಚಿದರೆ ಅದರಲ್ಲಿ ಸರ್ಕಾರಕ್ಕೆ ಪಾಲುಂಟು. ನೂರು ಡಾಲರ್ ವಿಮೆಗೆ ಹೋದರೆ ಪೂರ್ತಿ ಉಳಿತಾಯ. 1940ರಲ್ಲಿ ಹತ್ತು ಮಂದಿಯಲ್ಲಿ ಒಬ್ಬರಿಗಷ್ಟೇ ಇದ್ದ ಖಾಸಗಿ ಆರೋಗ್ಯ ವಿಮೆ 1950ರ ವೇಳೆಗೆ ಜನಸಂಖ್ಯೆಯ ಅರ್ಧದಷ್ಟನ್ನು ತಲುಪಿತ್ತು.

ಬೇರೆ ದಾರಿ ಇರಲಿಲ್ಲವೆಂದಲ್ಲ. 1945ರಲ್ಲಿ ಅಧ್ಯಕ್ಷ ಟ್ರೂಮನ್ ಎಲ್ಲ ಪ್ರಜೆಗಳಿಗೂ ರಾಷ್ಟ್ರೀಯ ಆರೋಗ್ಯ ವಿಮೆಯ ಪ್ರಸ್ತಾಪ ಮುಂದಿಟ್ಟರು. ಇದು ಸಮಾಜವಾದವೆಂದು ವೈದ್ಯರ ಸಂಘ ಪ್ರಬಲವಾಗಿ ವಿರೋಧಿಸಿತು, ಪ್ರಸ್ತಾಪ ಬಿದ್ದುಹೋಯಿತು. ಬ್ರಿಟನ್ 1948ರ ಜುಲೈ 5ರಂದು ತೆರಿಗೆ ಹಣದಿಂದ ನಡೆಯುವ ರಾಷ್ಟ್ರೀಯ ಆರೋಗ್ಯ ಸೇವೆಯನ್ನು ಆರಂಭಿಸಿದರೆ, ಅಮೆರಿಕದ ಕಾರ್ಮಿಕ ಸಂಘಗಳು ಮಾಲೀಕರೊಡನೆ ಚೌಕಾಸಿಗೆ ಕೂತವು. ಮೋಟಾರು ಕಾರ್ಮಿಕರ ನಾಯಕ ವಾಲ್ಟರ್ ರೂಥರ್ ರಾಷ್ಟ್ರೀಯ ವಿಮೆಯ ಪರವಾಗಿದ್ದವರು. ಆದರೂ ಕೈಗೆ ಸಿಕ್ಕಿದ್ದನ್ನು ಬಿಡಲಿಲ್ಲ. 1950ರಲ್ಲಿ ಜನರಲ್ ಮೋಟಾರ್ಸ್ ಜೊತೆ ಆದ ಒಪ್ಪಂದದಲ್ಲಿ ವಿಮೆಯ ಅರ್ಧ ಖರ್ಚು ಕಂಪನಿಯ ಪಾಲಾಯಿತು.

ಕಾರಿನೊಳಗೆ ಅಡಗಿದ ವೆಚ್ಚ

ಆಗ ವೈದ್ಯಕೀಯ ಅಗ್ಗವಾಗಿತ್ತು. 1960ರಲ್ಲಿ ಅಮೆರಿಕದ ಒಟ್ಟು ಉತ್ಪನ್ನದ ಶೇ 5ರಷ್ಟು ಮಾತ್ರ ಆರೋಗ್ಯಕ್ಕೆ ವೆಚ್ಚವಾಗುತ್ತಿತ್ತು. 2023ರಲ್ಲಿ ಅದು ಶೇ 17ನ್ನು ದಾಟಿತ್ತು. ಹೊಸ ಯಂತ್ರಗಳು ಬಂದವು, ದುಬಾರಿ ಔಷಧಿಗಳು ಬಂದವು. ಪ್ರತಿ ಪರೀಕ್ಷೆಗೂ ಪ್ರತ್ಯೇಕ ಶುಲ್ಕ ಪಡೆಯುವ ಪದ್ಧತಿಯಲ್ಲಿ ಹೆಚ್ಚು ಪರೀಕ್ಷೆ ಎಂದರೆ ಹೆಚ್ಚು ಗಳಿಕೆ. ಆಸ್ಪತ್ರೆಗಳು ಒಂದರೊಳಗೊಂದು ವಿಲೀನವಾಗಿ ತಾವು ಹೇಳಿದ್ದೇ ಬೆಲೆ ಎನ್ನುವಷ್ಟು ಬಲಿತವು. ಚಿಕಿತ್ಸೆ ಪಡೆಯುವವನು ಒಬ್ಬ, ಬರೆಯುವವನು ಇನ್ನೊಬ್ಬ, ದುಡ್ಡು ಕೊಡುವವನು ಮತ್ತೊಬ್ಬ. ಹೀಗಿರುವಾಗ ಬೆಲೆ ಕೇಳುವವರು ಯಾರು?

ಈ ಭಾರಕ್ಕೆ ಜನರಲ್ ಮೋಟಾರ್ಸ್ ಕಂಪನಿಯೇ ಉದಾಹರಣೆ. 2000ದ ದಶಕದ ನಡುಭಾಗದಲ್ಲಿ ತಾನು ತಯಾರಿಸುವ ಒಂದೊಂದು ವಾಹನದ ಬೆಲೆಯಲ್ಲೂ ಸುಮಾರು 1,500 ಡಾಲರ್ ನೌಕರರ ಮತ್ತು ನಿವೃತ್ತರ ಆರೋಗ್ಯದ ಖರ್ಚೆಂದು ಕಂಪನಿ ಹೇಳಿಕೊಂಡಿತು. 2007ರಲ್ಲಿ ನಿವೃತ್ತ ಕಾರ್ಮಿಕರ ವೈದ್ಯಕೀಯ ಹೊಣೆಯನ್ನು ಕಾರ್ಮಿಕ ಸಂಘದೊಡನೆ ಒಪ್ಪಂದ ಮಾಡಿಕೊಂಡು ಪ್ರತ್ಯೇಕ ನಿಧಿಯೊಂದಕ್ಕೆ ದಾಟಿಸಿತು. 2009ರಲ್ಲಿ ಹಲವು ಕಾರಣಗಳಿಂದ ದಿವಾಳಿಯೆದ್ದು ನ್ಯಾಯಾಲಯದ ಮೆಟ್ಟಿಲೇರಿದಾಗ, ಆ ಕಾರಣಗಳಲ್ಲಿ ಇದೂ ಒಂದಾಗಿತ್ತು.

ದೊಡ್ಡವರ ಕೈಯಲ್ಲೂ ಈ ಕುದುರೆ ಪಳಗಲಿಲ್ಲ. ಅಮೆಜಾನ್, ಬರ್ಕ್‌ಷೈರ್ ಹ್ಯಾಥವೇ, ಜೆ.ಪಿ. ಮಾರ್ಗನ್ ಚೇಸ್ ಎಂಬ ಮೂರು ದೈತ್ಯ ಕಂಪನಿಗಳು 2018ರಲ್ಲಿ ಒಟ್ಟಾಗಿ ತಮ್ಮ ನೌಕರರ ವೈದ್ಯಕೀಯ ವೆಚ್ಚ ಇಳಿಸುತ್ತೇವೆಂದು ಹೊರಟವು. ಮೂರು ವರ್ಷಗಳಲ್ಲಿ, 2021ರಲ್ಲಿ, ಆ ಸಂಸ್ಥೆಗೆ ಬೀಗ ಬಿತ್ತು.

ಯಾರ ಜೇಬಿನಿಂದ?

ಕೈಸರ್ ಫ್ಯಾಮಿಲಿ ಫೌಂಡೇಷನ್ ನಡೆಸಿಕೊಂಡು ಬಂದಿರುವ ಸಮೀಕ್ಷೆಯಂತೆ, 1999ರಲ್ಲಿ ಒಂದು ಕುಟುಂಬಕ್ಕೆ ನೌಕರಿಯ ಮೂಲಕ ದೊರೆಯುವ ವಿಮೆಯ ವಾರ್ಷಿಕ ಕಂತು ಸರಾಸರಿ 5,791 ಡಾಲರ್. 2024ರಲ್ಲಿ ಅದು 25,572 ಡಾಲರ್. ಇದೇ ಅವಧಿಯಲ್ಲಿ ಸಾಮಾನ್ಯ ಬೆಲೆಗಳು ಎರಡು ಪಟ್ಟೂ ಆಗಲಿಲ್ಲ. ವಿಮೆಯ ಕಂತು ನಾಲ್ಕು ಪಟ್ಟು ಮೀರಿತು. 2024ರ ಮೊತ್ತದಲ್ಲಿ ನೌಕರ ತನ್ನ ಸಂಬಳದಿಂದ ಕೊಟ್ಟದ್ದು 6,296 ಡಾಲರ್. ಉಳಿದದ್ದು ಮಾಲೀಕನದು.

ಆದರೆ ಅದು ನಿಜಕ್ಕೂ ಮಾಲೀಕನದೇ? ಅರ್ಥಶಾಸ್ತ್ರಜ್ಞರಲ್ಲಿ ಬಹುಪಾಲು ಮಂದಿ ಅಲ್ಲವೆನ್ನುತ್ತಾರೆ. ನೌಕರನೊಬ್ಬನಿಗೆ ಇಷ್ಟು ಎಂದು ಕಂಪನಿ ತೆಗೆದಿಡುವ ಗಂಟು ಒಂದೇ. ವಿಮೆ ಅದರಲ್ಲಿ ಹೆಚ್ಚು ನುಂಗಿದರೆ ಸಂಬಳದ ಏರಿಕೆಗೆ ಉಳಿಯುವುದು ಕಡಿಮೆ. ಎಷ್ಟೋ ವರ್ಷ ದುಡಿದರೂ ಸಂಬಳ ಏಕೆ ಏರಲಿಲ್ಲವೆಂದು ಕೇಳುವ ಕಾರ್ಮಿಕನಿಗೆ ಉತ್ತರದ ಒಂದು ಭಾಗ ಆಸ್ಪತ್ರೆಯ ಬಿಲ್ಲಿನಲ್ಲಿದೆ. ಸಾಲದ್ದಕ್ಕೆ, ವರ್ಷದ ಮೊದಲ ಸಾವಿರಾರು ಡಾಲರ್ ಖರ್ಚನ್ನು ರೋಗಿಯೇ ಭರಿಸಬೇಕೆಂಬ ಷರತ್ತೂ ಈಗ ಬಹುತೇಕ ವಿಮೆಗಳಲ್ಲಿ ಸೇರಿಕೊಂಡಿದೆ.

ಕೆಲಸ ಕಳೆದುಕೊಂಡವನ ಪಾಡು ಇನ್ನೂ ಕಠಿಣ. 1986ರಲ್ಲಿ ಜಾರಿಗೆ ಬಂದ ಕಾನೂನೊಂದರಂತೆ ಆತ ಸಾಮಾನ್ಯವಾಗಿ 18 ತಿಂಗಳು ಹಳೆಯ ವಿಮೆಯಲ್ಲೇ ಮುಂದುವರಿಯಬಹುದು. ಆದರೆ ಮಾಲೀಕನ ಪಾಲನ್ನೂ ಸೇರಿಸಿ ಪೂರ್ತಿ ಕಂತು, ಮೇಲೆ ಶೇ 2ರ ಶುಲ್ಕ ಕಟ್ಟಬೇಕು. ಸಂಬಳವೇ ನಿಂತವನು ಎಲ್ಲಿಂದ ತರಬೇಕು? 2020ರ ಏಪ್ರಿಲ್ ಒಂದೇ ತಿಂಗಳಲ್ಲಿ, ಕೊರೊನಾ ಹಾವಳಿಯ ನಡುವೆ, ಅಲ್ಲಿ ಎರಡು ಕೋಟಿಗೂ ಹೆಚ್ಚು ಉದ್ಯೋಗಗಳು ಹೋದವು. ವಿಮೆ ಅತ್ಯಂತ ಬೇಕಾದ ಹೊತ್ತಿಗೇ ಅದರ ಆಧಾರ ಕಳಚಿತು. 2010ರ ಆರೋಗ್ಯ ಕಾಯ್ದೆಯಿಂದ ಸರ್ಕಾರದ ನೆರವಿನೊಡನೆ ಸ್ವಂತವಾಗಿ ವಿಮೆ ಕೊಳ್ಳುವ ದಾರಿ ತೆರೆದಿತ್ತೆಂಬುದಷ್ಟೇ ಸಮಾಧಾನ. ಅಲ್ಲಿ ದುಡಿಯುವ ಸಾಫ್ಟ್‌ವೇರ್ ಕನ್ನಡಿಗರಿಗೂ ಈ ಗಂಟು ಪರಿಚಿತ. ಅನೇಕರ ವೀಸಾ ಮತ್ತು ವಿಮೆ ಎರಡೂ ಒಬ್ಬನೇ ಮಾಲೀಕನ ಕೈಯಲ್ಲಿವೆ.

ಮಾಲೀಕ ಪಾಲು ಕೊಡುವುದೇ ತಪ್ಪೆಂದಲ್ಲ. ಜರ್ಮನಿಯಲ್ಲಿ 1883ರಲ್ಲಿ ಬಿಸ್ಮಾರ್ಕ್ ತಂದ ಕಾನೂನಿನಂತೆ ಮಾಲೀಕ ಮೂರರಲ್ಲಿ ಒಂದು ಪಾಲು, ಕಾರ್ಮಿಕ ಎರಡು ಪಾಲು ಕೊಡುತ್ತಿದ್ದರು, ಈಗ ಸಮಪಾಲು. ಆದರೆ ಅಲ್ಲಿ ಕೆಲಸ ಹೋದರೆ ವಿಮೆ ಹೋಗುವುದಿಲ್ಲ. ಭಾರತದಲ್ಲಿ 1948ರ ಕಾಯ್ದೆಯಿಂದ ಹುಟ್ಟಿದ ಇ.ಎಸ್.ಐ. ಯೋಜನೆಯೂ ಸಂಬಳದ ಇಂತಿಷ್ಟು ಭಾಗವೆಂಬ ಲೆಕ್ಕದ ಮೇಲೆ ನಿಂತಿದೆ. 2019ರ ಜುಲೈಯಲ್ಲಿ ಮಾಲೀಕನ ಪಾಲನ್ನು ಶೇ 3.25ಕ್ಕೂ ನೌಕರನ ಪಾಲನ್ನು ಶೇ 0.75ಕ್ಕೂ ಇಳಿಸಲಾಯಿತು. ವೇತನಮಿತಿಯನ್ನು 2017ರಲ್ಲಿ 21,000 ರೂಪಾಯಿಗೆ ಏರಿಸಲಾಗಿತ್ತು. ಆ ಮಿತಿಯ ಮೇಲಿರುವ ಖಾಸಗಿ ಕಂಪನಿಗಳ ನೌಕರರಲ್ಲಿ ಅನೇಕರು, ಬೆಂಗಳೂರಿನ ಕಚೇರಿಗಳಲ್ಲಿ ದುಡಿಯುವವರೂ ಸೇರಿ, ಕಂಪನಿ ಕೊಳ್ಳುವ ಸಾಮೂಹಿಕ ವಿಮೆಯನ್ನೇ ನೆಚ್ಚಿದ್ದಾರೆ. ಅವರ ಪಾಲಿಗೂ ವಿಮೆ ನೌಕರಿಯ ಜೊತೆಗೇ ಬಂದು ನೌಕರಿಯ ಜೊತೆಗೇ ಹೋಗುವಂಥದು.

ಡಲ್ಲಾಸ್‌ನ ಶಿಕ್ಷಕರು ತಿಂಗಳಿಗೆ ಅರ್ಧ ಡಾಲರ್ ಕೊಟ್ಟಾಗ ತಾವೆಷ್ಟು ಕೊಡುತ್ತಿದ್ದೇವೆಂದು ಅವರಿಗೆ ಗೊತ್ತಿತ್ತು. ಅವರ ಮೊಮ್ಮಕ್ಕಳ ಕಾಲದ ನೌಕರನಿಗೆ ಕಾಣುವುದು ಸಂಬಳದ ಚೀಟಿಯಲ್ಲಿ ಕಡಿತವಾದ ಮೊತ್ತ ಮಾತ್ರ. ಸಂಬಳವಾಗಿ ಕೈಗೆ ಬರಬೇಕಿದ್ದು ಬಾರದೇ ಹೋದ ಹಣ ಯಾವ ಚೀಟಿಯಲ್ಲೂ ನಮೂದಾಗುವುದಿಲ್ಲ.