ಲೋಹದ ಮೇಲಿನ ಅಂಕಿ

1961ನೆಯ ಇಸವಿಯಲ್ಲಿ ಮೈಸೂರಿನ ಯಾದವಗಿರಿಯಿಂದ ಹೊಸದೊಂದು ಸದ್ದು ಹೊರಟಿತು. ರುಸ್ತುಂ ಮತ್ತು ಫಾರೋಖ್ ಇರಾನಿಯವರು ಕಟ್ಟಿದ ಐಡಿಯಲ್ ಜಾವಾ ಮೋಟಾರ್‌ಸೈಕಲ್ ಕಾರ್ಖಾನೆಯದು. ಅದನ್ನು ಉದ್ಘಾಟಿಸಿದವರು, ಅರಸೊತ್ತಿಗೆಯ ಕಾಲ ಕಳೆದು ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರು. ಅಲ್ಲಿಂದ ಬಂದ ಗಾಡಿಗೆ ಒಂದೇ ಸಿಲಿಂಡರು, ಎರಡು ಸೈಲೆನ್ಸರು. ಕಿಕ್ಕರನ್ನೇ ಮುಂದಕ್ಕೆ ಮಡಚಿದರೆ ಗೇರು. ಅದೇ ವರ್ಷ ಜೆಕೊಸ್ಲೊವಾಕಿಯದ ಮೂಲ ಜಾವಾ ಸಂಸ್ಥೆಯ ಸವಾರ ಫ್ರಾಂಟಿಶೆಕ್ ಶ್ಟಾಸ್ಟ್ನಿ 350 ಸಿಸಿ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಎರಡನೆಯ ಸ್ಥಾನಕ್ಕೇರಿದ್ದ. ಮೈಸೂರಿನ ಕೂಸು ಹುಟ್ಟಿದ್ದೇ ಓಟದ ಮನೆತನದಲ್ಲಿ.

ಗಾಡಿ ಕಟ್ಟುವವರೇ ಪಂದ್ಯಕ್ಕೂ ಒತ್ತಾಸೆಯಾಗಿ ನಿಂತ ಕಾಲವದು. ಅಮೆರಿಕದಲ್ಲಿ ಸುಮಾರು 402 ಮೀಟರಿನ ನೇರ ಓಟಕ್ಕೆ, ಡ್ರ್ಯಾಗ್ ರೇಸಿಗೆ, ಜನ ಮುಗಿಬೀಳುತ್ತಿದ್ದರು. ಪಂದ್ಯಗಳಿಂದ ದೂರವಿರುತ್ತೇವೆಂದು ಅಲ್ಲಿನ ಕಾರು ತಯಾರಕರು 1957ರಲ್ಲಿ ಒಪ್ಪಂದ ಮಾಡಿಕೊಂಡಿದ್ದರೂ, ಬಲವಾದ ಎಂಜಿನುಗಳು, ಹಗುರವಾದ ಭಾಗಗಳು ಡೀಲರುಗಳ ಮೂಲಕ ಚಾಲಕರ ಕೈ ಸೇರುತ್ತಲೇ ಇದ್ದವು. 1962ರಲ್ಲಿ ಅಂಥ ಕಾರುಗಳಿಗೆಂದೇ ‘ಫ್ಯಾಕ್ಟರಿ ಎಕ್ಸ್‌ಪೆರಿಮೆಂಟಲ್’ ಎಂಬ ವರ್ಗವೇ ಹುಟ್ಟಿತು. 1964ರ ಫೋರ್ಡ್ ಥಂಡರ್‌ಬೋಲ್ಟ್‌ಗಳು ಪಂದ್ಯಕ್ಕೆಂದೇ ತಯಾರಾದವು. ನೆರವು ಮರೆಯಲ್ಲಿ ಹರಿದದ್ದರಿಂದಲೇ ಯಾವ ಕಾರು ನಿಜಕ್ಕೂ ಕಾರ್ಖಾನೆಯದು ಎಂಬ ಪ್ರಶ್ನೆ ಇಂದಿಗೂ ಬಿಸಿಯಾಗಿದೆ. ಅದಕ್ಕೆ ಉತ್ತರ ಹುಡುಕುವವರು ಕಾರಿನ ನಂಬರನ್ನೂ ಕಾರ್ಖಾನೆಯ ಕಾಗದವನ್ನೂ ಜೊತೆಗಿಟ್ಟು ನೋಡುತ್ತಾರೆ.

ನಮ್ಮ ಕಡೆಯ ಓಟಗಾರರಿಗೆ ಮದರಾಸಿನ ಬಳಿಯ ಶೋಲಾವರಂ ಯಾತ್ರಾಸ್ಥಳವಾಗಿತ್ತು. ಎರಡನೆಯ ಮಹಾಯುದ್ಧದ ವಿಮಾನಗಳಿಗಾಗಿ ಹಾಸಿದ ನೆಲದ ಮೇಲೆ ಮೋಟಾರುಗಳು ಓಡಿದವು. ಜಾವಾ, ಆಮೇಲೆ ಅದೇ ಕಾರ್ಖಾನೆಯ ಯೆಜ್ಡಿ, ಅಲ್ಲಿ ಹೆಸರು ಮಾಡಿದವು. ಮೈಸೂರಿನ ಕಾರ್ಖಾನೆಯೂ ಸವಾರರಿಗೆ ಆಸರೆಯಾಯಿತು. ವಿದೇಶಿ ಗಾಡಿ ಕೈಗೆಟುಕದಿದ್ದ ಆ ಕಾಲದಲ್ಲಿ, ಶಾಲೆಗೆ ಹೋಗುವ ಮೇಷ್ಟರ ಗಾಡಿಗೂ ಪಂದ್ಯದ ಗಾಡಿಗೂ ಒಂದೇ ತೊಟ್ಟಿಲು.

ಆ ಕಾಲದ ಕಥೆಗಳು ಈಗ ಬಾಯಿಂದ ಬಾಯಿಗೆ ಬೆಳೆಯುತ್ತಿವೆ. ಅಭಿಮಾನ ಬೆಳೆದಷ್ಟೂ ಪರಿಶೀಲನೆಯೂ ಬೆಳೆಯಬೇಕು. ಟ್ಯಾಂಕಿನ ಮೇಲೆ ಯೆಜ್ಡಿ ಎಂದಿರುವ ಹಳೆಯ ಚಿತ್ರದ ಹಿಂದೆ ಯಾರೋ ‘1970’ ಎಂದು ಬರೆದಿದ್ದರೆ ಆ ಬರಹವನ್ನು ನಂಬಲಾಗದು, ಏಕೆಂದರೆ ಆ ಹೆಸರು ಬಂದದ್ದೇ 1973ರಲ್ಲಿ. ಯೆಜ್ಡಿಯ ರೋಡ್‌ಕಿಂಗ್ ಮಾದರಿ ಬಂದದ್ದು 1978ರಲ್ಲಿ. ಅದಕ್ಕೂ ಹಿಂದಿನ ಗೆಲುವನ್ನು ಅದರ ತಲೆಗೆ ಕಟ್ಟುವಂತಿಲ್ಲ. ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿದರೆ ಅಂಕಿಗಳು ಒಂದೊಂದಾಗಿ ಮೂಡುತ್ತವೆ. ಆರ್‌ಸಿ ಪುಸ್ತಕದ ಅಂಕಿಗೆ ಅವು ತಾಳೆಯಾದರೆ ಗಾಡಿಯ ಮಾತಿಗೆ ಬಲ ಬರುತ್ತದೆ. ಟ್ಯಾಂಕು ಬದಲಾಗುತ್ತದೆ, ಬಣ್ಣ ಬದಲಾಗುತ್ತದೆ, ಕಥೆ ಹೇಳುವವರೂ ಬದಲಾಗುತ್ತಾರೆ. ಯಾದವಗಿರಿಯ ಕಾರ್ಮಿಕನೊಬ್ಬ ಅಚ್ಚಿಟ್ಟು ಹೊಡೆದ ಅಂಕಿ ಮಾತ್ರ ಅಲ್ಲೇ ಇರುತ್ತದೆ. ಗೆದ್ದವನ ಹೆಸರಿಗೆ ಹಾರ ಬಿತ್ತು. ಆ ಕಾರ್ಮಿಕನ ದುಡಿಮೆಗೆ ಇರುವ ಗುರುತು ಇದೊಂದೇ. ಅದನ್ನು ಸರಿಯಾಗಿ ಓದುವುದು ನಾವು ಅವನಿಗೆ ತೀರಿಸಬೇಕಾದ ಋಣ.

ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿತು. ಆದರೆ ಬೆಂಗಳೂರಿನ ಚಾಮರಾಜಪೇಟೆ, ಬಸವನಗುಡಿಗಳಲ್ಲಿ ಹಳೆಯ ಜಾವಾವನ್ನು ಉಳಿಸಿಕೊಂಡವರು, ಭಾಗವೊಂದು ಬೇಕಾದಾಗ ಪುರಭವನದಿಂದ ಮಿನರ್ವ ವೃತ್ತದ ಕಡೆಗೆ ಸಾಗುವ ರಸ್ತೆಯಲ್ಲಿ ಅಂಗಡಿ ಅಂಗಡಿ ಹತ್ತಿ ಇಳಿಯುತ್ತಾರೆ. ಮೋಟಾರಿನ ಬಿಡಿಭಾಗಗಳಿಗೆ ಊರಿಗೇ ಹೆಸರಾದ ಆ ಜೆ.ಸಿ. ರಸ್ತೆಯ ಪೂರ್ಣ ಹೆಸರು ಜಯಚಾಮರಾಜೇಂದ್ರ ರಸ್ತೆ. ಕಾರ್ಖಾನೆಯ ಬಾಗಿಲು ತೆರೆದ ಆ ಒಡೆಯರ ಹೆಸರಿನಡಿಯಲ್ಲೇ ಇಂದಿಗೂ ಗಾಡಿಗಳಿಗೆ ಮರುಜೀವ ಬರುತ್ತಿದೆ.