ಗಜದ ಮೇಲಿನ ಗೀರು



ಮಗಳ ಮನೆಯಲ್ಲಿ ಕಳೆದ ಚಳಿಗಾಲದ ಬಗ್ಗೆ ಇನ್ನಷ್ಟು ಬರೆಯಿರೆಂದು ಕೆಲವರು ಕೇಳಿದ್ದೀರಿ. ಹಿಮದ ವರ್ಣನೆ ಎಲ್ಲರೂ ಮಾಡುತ್ತಾರೆ. ನಾನು ಬಂದೂಕಿನ ಅಂಗಡಿಯ ಕಥೆ ಹೇಳುತ್ತೇನೆ.

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಲ್ಯಾಂಕಾಸ್ಟರ್ ಪ್ರದೇಶದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನೆಲೆಸಿದ್ದಾನೆ. ಹೆಸರು ಬರೆಯಬೇಡಿರೆಂದು ಕೇಳಿಕೊಂಡಿರುವುದರಿಂದ ಬರೆಯುವುದಿಲ್ಲ. ಎಂಟನೆಯ ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ ಕುಳಿತು ಕಿಟಕಿಯಾಚೆ ನೋಡುತ್ತಿದ್ದವನು ಎಂದರೆ ಅವನ ಸಹಪಾಠಿಗಳಿಗೆ ಸಾಕು. ಡಿಸೆಂಬರಿನ ಮೊದಲ ವಾರ ಮನೆಗೆ ಬಂದು, "ಸಾರ್, ಒಂದು ಕೋವಿ ಕೊಳ್ಳಬೇಕು, ಜೊತೆಗೆ ಬನ್ನಿ" ಎಂದ. ಮೂವತ್ತೆರಡು ವರ್ಷ ಇತಿಹಾಸ ಬೋಧಿಸಿದ್ದೇನೆ. ಇಂಥ ಕೆಲಸಕ್ಕೆ ಯಾರೂ ನನ್ನನ್ನು ಕರೆದಿರಲಿಲ್ಲ. ನನ್ನಾಕೆ, "ಮೊಟ್ಟೆ ಕೂಡ ಮುಟ್ಟದವರನ್ನು ಬೇಟೆಯ ಕೋವಿ ಆರಿಸಲು ಕರೆಯುವುದೆ?" ಎಂದು ನಕ್ಕಳು.

ಅವನಿಗೆ ಬೇಕಾಗಿದ್ದುದು ತೋಟಾ ಕೋವಿಯಲ್ಲ, ಬಾಯಿಯಿಂದ ಮದ್ದು ತುಂಬಿ ಗಜದಿಂದ ಜಡಿಯುವ ಕೋವಿ. ಆ ರಾಜ್ಯದಲ್ಲಿ ಇಂಥ ಕೋವಿಗಳಿಗೆಂದೇ ಜಿಂಕೆ ಬೇಟೆಯ ಪ್ರತ್ಯೇಕ ಕಾಲಾವಧಿ ಇದೆ. 1974ರಲ್ಲಿ ಅದನ್ನು ಆರಂಭಿಸಿದಾಗ ಚಕಮಕಿ ಕಲ್ಲಿನ ಕೋವಿಗೆ ಮಾತ್ರ ಅನುಮತಿಯಿತ್ತು. ಕ್ರಿಸ್‌ಮಸ್ ಕಳೆದ ಮೇಲೆ ಬರುವ ಬೇಟೆಯ ದಿನಗಳಲ್ಲಿ ಹಳೆಯ ಕ್ರಮವೇ ಉಳಿದುಬಂದಿದೆ. ಅಲ್ಲಿ ಜಿಂಕೆ ಇರುವುದೂ ಒಂದು ಇತಿಹಾಸವೇ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಕಾಡು ಕಡಿದು, ಕಂಡಕಂಡಲ್ಲಿ ಹೊಡೆದು, ಬಿಳಿಬಾಲದ ಜಿಂಕೆ ಆ ರಾಜ್ಯದಲ್ಲಿ ಅಳಿವಿನ ಅಂಚಿಗೆ ಬಂದಿತ್ತು. 1895ರಲ್ಲಿ ಬೇಟೆಯ ಮೇಲ್ವಿಚಾರಣೆಗೆ ಆಯೋಗವನ್ನು ರಚಿಸಿ, 1906ರಿಂದ ಹೊರರಾಜ್ಯಗಳ ಜಿಂಕೆಗಳನ್ನು ತಂದು ಬಿಟ್ಟರು. ಈಗ ಮಗಳ ಮನೆಯ ಹಿತ್ತಿಲಿಗೇ ಬಂದು ಗುಲಾಬಿ ಗಿಡ ಮೇಯುತ್ತವೆ. ನಮ್ಮಲ್ಲಿ 1972ರ ವನ್ಯಜೀವಿ ಕಾಯಿದೆ ಬೇಟೆಯ ಬಾಗಿಲನ್ನೇ ಮುಚ್ಚಿತು. ಅಲ್ಲಿ ಬಾಗಿಲಿಗೆ ಹೊತ್ತು ಗೊತ್ತು ಮಾಡಿದರು. ಯಾವುದು ಮೇಲೆಂಬ ಚರ್ಚೆಗೆ ನಾನು ಇಳಿಯುವುದಿಲ್ಲ.

ಅಂಗಡಿಯ ಗೋಡೆಯುದ್ದಕ್ಕೂ ಇತಿಹಾಸವೇ ತೂಗಿಬಿದ್ದಂತಿತ್ತು. ಎಡತುದಿಯಲ್ಲಿದ್ದ ಉದ್ದನೆಯ ಕೋವಿಯ ತವರು ಅದೇ ಲ್ಯಾಂಕಾಸ್ಟರ್ ಸೀಮೆ. ಹದಿನೆಂಟನೆಯ ಶತಮಾನದಲ್ಲಿ ಅಲ್ಲಿಗೆ ವಲಸೆ ಬಂದ ಜರ್ಮನ್ ಹಾಗೂ ಸ್ವಿಸ್ ಕಮ್ಮಾರರು ತಮ್ಮ ನಾಡಿನ ಗಿಡ್ಡ ಬೇಟೆಕೋವಿಯ ನಳಿಗೆಯನ್ನು ಉದ್ದ ಮಾಡಿ, ಬಾಯಿಯನ್ನು ಕಿರಿದಾಗಿಸಿ, ಮೇಪಲ್ ಮರದ ಹಿಡಿ ಕೂಡಿಸಿ ಇದನ್ನು ರೂಪಿಸಿದರು. ಪ್ರಸಿದ್ಧಿ ಬಂದುದು ಮಾತ್ರ ಕೆಂಟಕಿಯ ಹೆಸರಿನಲ್ಲಿ. ಮಾಡಿದವನೊಬ್ಬ, ಹೆಸರು ಇನ್ನೊಬ್ಬನದು! ನಳಿಗೆಯೊಳಗೆ ತಿರುಪಿನಂತೆ ಗೀರು ಕೊರೆದಿರುತ್ತಾರೆ. ಎಣ್ಣೆ ಸವರಿದ ಬಟ್ಟೆಯ ತುಂಡಿನಲ್ಲಿ ಸೀಸದ ಗುಂಡನ್ನು ಸುತ್ತಿ ಒಳಗೆ ತಳ್ಳಿದರೆ ಬಟ್ಟೆ ಆ ಗೀರುಗಳನ್ನು ಕಚ್ಚಿ ಹಿಡಿಯುತ್ತದೆ, ಗುಂಡು ಬುಗುರಿಯಂತೆ ಸುತ್ತುತ್ತ ನೆಟ್ಟಗೆ ಹೋಗುತ್ತದೆ.

ನಡುವೆ ಕೇಪಿನ ಕೋವಿಗಳು. ಅವನ್ನು ಕಂಡಾಗ ನನಗೆ ಊರಿನ ಜಗಲಿಯೇ ಕಣ್ಣಮುಂದೆ ಬಂತು. ಕೇಪಿನ ಹಿಂದಿರುವ ಕಲ್ಪನೆ ಒಬ್ಬ ಪಾದ್ರಿಯದು ಎಂದರೆ ನಂಬುವಿರಾ? ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಫೋರ್ಸಿತ್ ಎಂಬ ಪಾದ್ರಿಗೆ ಹಕ್ಕಿ ಹೊಡೆಯುವ ಹವ್ಯಾಸ. ಚಕಮಕಿ ಕೋವಿಯಲ್ಲಿ ಮೊದಲು ಹೊರಗಿನ ಬಟ್ಟಲಿನ ಮದ್ದು ಭುಗ್ಗೆಂದು ಉರಿದು, ಆಮೇಲೆ ಒಳಗಿನ ಈಡು ಹಾರುತ್ತದೆ. ಆ ಬೆಳಕು ಕಂಡ ಹಕ್ಕಿ ಗುಂಡು ತಲುಪುವುದರೊಳಗೆ ಪಾರಾಗುತ್ತಿತ್ತು. ಬಡಿದರೆ ಸಿಡಿಯುವ ರಾಸಾಯನಿಕದಿಂದ ಈಡು ಹೊತ್ತಿಸುವ ಉಪಾಯಕ್ಕೆ ಪಾದ್ರಿ 1807ರಲ್ಲಿ ಪೇಟೆಂಟ್ ಪಡೆದ. ಮುಂದೆ ಅದನ್ನೇ ತಾಮ್ರದ ಪುಟ್ಟ ಟೋಪಿಯಲ್ಲಿ ತುಂಬಿ ಕೇಪು ಮಾಡಿದರು.

ಬಲತುದಿಯಲ್ಲಿದ್ದವು ಹೊಸ ಕಾಲದ ಕೋವಿಗಳು. 1985ರಲ್ಲಿ ಮಿಸೌರಿಯ ಟೋನಿ ನೈಟ್ ಎಂಬಾತ ಕೇಪನ್ನು ಪಕ್ಕದಲ್ಲಿಡದೆ ಮದ್ದಿನ ನೇರ ಹಿಂದಕ್ಕೆ ಇಟ್ಟು ಮಾಡಿದ ಮಾದರಿ ಇವಕ್ಕೆ ದಾರಿ ತೋರಿತು. ಬೆಂಕಿ ನೆಟ್ಟಗೆ ಮದ್ದಿಗೆ ತಾಗುತ್ತದೆ, ಮಳೆ, ಹಿಮದ ಭಯ ಕಡಿಮೆ, ಮೇಲೆ ದುರ್ಬೀನು, ಮದ್ದು ಕೂಡ ಗುಳಿಗೆಯ ರೂಪದಲ್ಲಿ. ನೋಡಲು ತೋಟಾ ಕೋವಿಯೇ, ತುಂಬುವುದು ಮಾತ್ರ ಬಾಯಿಯಿಂದ. ವ್ರತವನ್ನೂ ಬಿಡದೆ ಹಸಿವನ್ನೂ ತಾಳದೆ ಫಲಾಹಾರದ ಹೆಸರಿನಲ್ಲಿ ಹೊಟ್ಟೆ ತುಂಬ ತಿನ್ನುವವರು ನೆನಪಾದರು.

ಅಂಗಡಿಯ ವೃದ್ಧರು ಸಹನೆಯಿಂದ ವಿವರಿಸಿದರು. ಯಾವ ಗುಂಡು ಎಂಬುದನ್ನು ಮೊದಲು ನಿಶ್ಚಯಿಸಬೇಕು, ಕೋವಿ ಆಮೇಲೆ. ಬಟ್ಟೆ ಸುತ್ತಿದ ದುಂಡು ಗುಂಡಿಗೆ ಗೀರು ನಿಧಾನವಾಗಿ ಸುತ್ತಬೇಕು, ಅಂದರೆ 66 ಅಂಗುಲಕ್ಕೆ ಒಂದು ಸುತ್ತು. ಪ್ಲಾಸ್ಟಿಕ್ ಕವಚದ ಉದ್ದ ಗುಂಡಿಗೆ 28 ಅಂಗುಲಕ್ಕೆ ಒಂದು. 48 ಅಂಗುಲದ್ದು ಎರಡಕ್ಕೂ ನಡೆಯುತ್ತದೆ, ಎರಡರಲ್ಲೂ ಶ್ರೇಷ್ಠವಲ್ಲ. ಜಿಂಕೆಗೆ ಅರ್ಧ ಅಂಗುಲದ ಬಾಯಿ ಸಾಕು. ಮದ್ದು 80 ಗ್ರೇನ್, ಎಂದರೆ ಐದು ಗ್ರಾಂಗಿಂತ ತುಸು ಹೆಚ್ಚು. ಚಕಮಕಿ ಕೋವಿಯಾದರೆ ಐವತ್ತು ಅರವತ್ತು ಗಜದೊಳಗೆ ಜಿಂಕೆ ಬರುವವರೆಗೆ ಕಾಯುವ ತಾಳ್ಮೆ ಬೇಕು. ಹೊಸದಾದರೆ ಅದರ ಎರಡರಷ್ಟು ದೂರವೂ ಕಷ್ಟವಲ್ಲ. ಹುಡುಗ (ಅವನಿಗೀಗ ನಲವತ್ತಾರು) ಹೊಸದರತ್ತ ವಾಲುತ್ತಿದ್ದ. ಅಂದು ನಿರ್ಧಾರವಾಗಲಿಲ್ಲ.

ಮುಂದಿನ ಭಾನುವಾರ ಅವನು ನನ್ನನ್ನು ಗೆಟಿಸ್‌ಬರ್ಗ್‌ಗೆ ಕರೆದೊಯ್ದ. ಅಮೆರಿಕದ ಅಂತರ್ಯುದ್ಧದ ಮಹಾಕಾಳಗ 1863ರ ಜುಲೈ 1ರಿಂದ 3ರವರೆಗೆ ನಡೆದ ಬಯಲು ಅದು. ಆ ಯುದ್ಧದಲ್ಲಿ ಎರಡೂ ಪಕ್ಷದವರು ಇಂಗ್ಲೆಂಡಿನಿಂದ ತರಿಸಿಕೊಂಡ ಲಕ್ಷಾಂತರ ಕೋವಿಗಳು ಯಾವುವು ಗೊತ್ತೆ? 1853ರ ಮಾದರಿಯ ಎನ್‌ಫೀಲ್ಡ್! ನಮ್ಮ ಸಿಪಾಯಿಗಳನ್ನು 1857ರಲ್ಲಿ ಕೆರಳಿಸಿದ ಅದೇ ಕೋವಿ.

ಇಲ್ಲಿ ಒಂದು ತಪ್ಪೊಪ್ಪಿಗೆ. ತೋಟೆಗೆ ಸವರಿದ ಕೊಬ್ಬಿನ ವಿಷಯವನ್ನು ಮೂವತ್ತೆರಡು ವರ್ಷ ಪಾಠ ಮಾಡಿದೆ. ತೋಟೆಯನ್ನು ಹಲ್ಲಿನಿಂದಲೇ ಏಕೆ ಕಚ್ಚಬೇಕಿತ್ತೆಂದು ಒಮ್ಮೆಯೂ ಹೇಳಲಿಲ್ಲ. ಅದು ಬಾಯಿಯಿಂದ ತುಂಬುವ ಕೋವಿ. ಒಂದು ಕೈ ನಳಿಗೆ ಹಿಡಿದಿರುತ್ತದೆ, ಇನ್ನೊಂದು ಕೈಯಲ್ಲಿ ಕಾಗದದ ತೋಟೆ. ಹಲ್ಲಿನಿಂದ ತುದಿ ಹರಿದು, ಮದ್ದು ಸುರಿದು, ಎಣ್ಣೆಕಾಗದ ಸುತ್ತಿದ ಗುಂಡನ್ನು ಗಜದಿಂದ ಒಳಗಿಳಿಸಬೇಕು. ಅದೇ ವರ್ಷ ಬ್ರಿಟಿಷರು ನಿಶ್ಶಸ್ತ್ರೀಕರಣದ ಕಾನೂನು ತಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿ ನವೆಂಬರಿನಲ್ಲಿ ಸಿಡಿದೆದ್ದುದನ್ನು ಮಾತ್ರ ಬಿಡದೆ ಹೇಳಿದ್ದೇನೆ, ನೆನಪಿರಬಹುದು.

ಗೆಟಿಸ್‌ಬರ್ಗ್ ಕಾಳಗ ಮುಗಿದ ಮೇಲೆ ಬಯಲಿನಲ್ಲಿ ಬಿದ್ದಿದ್ದ ಕೋವಿಗಳಲ್ಲಿ 27,000ಕ್ಕೂ ಹೆಚ್ಚನ್ನು ಆಯ್ದು ತಂದರು. ಸೇನೆಯ ವರದಿಯ ಪ್ರಕಾರ ಸುಮಾರು 24,000 ಕೋವಿಗಳಲ್ಲಿ ಈಡು ಹಾಗೆಯೇ ಇತ್ತು. ಅವುಗಳಲ್ಲಿ ಅರ್ಧದಷ್ಟರಲ್ಲಿ ಒಂದರ ಮೇಲೊಂದು ಎರಡು ಈಡು, ಇನ್ನು ಸಾವಿರಾರರಲ್ಲಿ ಮೂರರಿಂದ ಹತ್ತು, ಒಂದರಲ್ಲಿ ಇಪ್ಪತ್ತಮೂರು. ಸುತ್ತಲಿನ ಆರ್ಭಟದಲ್ಲಿ ತನ್ನ ಕೋವಿ ಹಾರಿತೋ ಇಲ್ಲವೋ ತಿಳಿಯದೆ, ಕೇಪು ಏರಿಸಲು ಮರೆತು, ಸಿಪಾಯಿ ಮತ್ತೆ ಮತ್ತೆ ತುಂಬಿದ್ದ.

ಇದನ್ನು ತಿಳಿದ ಮೇಲೆ ನಾನು ಹೊರಗೆ ಬಂದು ಕಲ್ಲುಬೆಂಚಿನ ಮೇಲೆ ಕುಳಿತುಬಿಟ್ಟೆ. ಹುಡುಗ ಗಾಬರಿಯಾಗಿ, "ಸಾರ್, ನೀರು ತರಲೆ?" ಎಂದ. ಆಗ ಅವನಿಗೆ ಹೇಳಿದ್ದನ್ನು ಈಗ ನಿಮಗೂ ಹೇಳುತ್ತೇನೆ. ಬಂಧುಗಳು ಮನ್ನಿಸಬೇಕು.

ನಮ್ಮ ದೊಡ್ಡಪ್ಪನ ಹಿರಿಯ ಮಗ, ನಾವೆಲ್ಲ ದೊಡ್ಡಣ್ಣ ಎನ್ನುತ್ತಿದ್ದವನು, ಎಡಗೈಯ ಎರಡು ಬೆರಳು ಕಳೆದುಕೊಂಡುದು ಹೇಗೆಂದು ನಮ್ಮ ಮನೆಯವರಿಗೆಲ್ಲ ಗೊತ್ತಿದೆ. ಅಡಿಕೆ ತೋಟಕ್ಕೆ ಮಂಗಗಳ ಹಿಂಡು ಬಂದ ಬೆಳಗ್ಗೆ ಜಗಲಿಯ ನಾಡಕೋವಿ ಒಡೆಯಿತು; ಹಳೆಯ ನಳಿಗೆ, ತುಕ್ಕು ಹಿಡಿದಿತ್ತು ಎಂದೇ ಎಲ್ಲರೂ ನಂಬಿದ್ದರು. ತುಕ್ಕಲ್ಲ. ಹಿಂದಿನ ಸಂಜೆ ಹಂದಿ ಕಾಯಲೆಂದು ದೊಡ್ಡಪ್ಪ ಈಡು ತುಂಬಿ, ಹಂದಿ ಬಾರದೆ ಹಾಗೆಯೇ ಗೂಟಕ್ಕೆ ತೂಗುಹಾಕಿದ್ದನ್ನು ನಾನು ನೋಡಿದ್ದೆ. ಬೆಳಗ್ಗೆ ದೊಡ್ಡಣ್ಣ ಅದರ ಮೇಲೆಯೇ ಮತ್ತೆ ಮದ್ದು ಸುರಿದು, ತೆಂಗಿನ ನಾರು ತುರುಕಿ, ಚರೆ ಹಾಕಿ ಜಡಿಯುವಾಗ ಮದ್ದಿನ ಡಬ್ಬಿ ಹಿಡಿದು ನಿಂತಿದ್ದವನು ಹನ್ನೊಂದು ವರ್ಷದ ನಾನು. ಹೇಳಿದರೆ, "ನೀನೇನು ನನಗೆ ಕಲಿಸುವುದು" ಎಂದು ಗದರಿಸಿ ಅಟ್ಟಿಬಿಡುತ್ತಾನೆ, ಕೋವಿ ಹಾರಿಸುವುದನ್ನು ನೋಡಲು ಸಿಗುವುದಿಲ್ಲ ಎಂದು ಸುಮ್ಮನಿದ್ದೆ. ಆಮೇಲೆ ಹೇಳುವ ಧೈರ್ಯ ಬರಲಿಲ್ಲ. ದೊಡ್ಡಣ್ಣ ತೀರಿಕೊಂಡು ಹನ್ನೆರಡು ವರ್ಷವಾಯಿತು. ಮೂರು ಬೆರಳಿನ ಎಡಗೈಯಲ್ಲಿ ಅಡಿಕೆ ಹಿಡಿದು ಸುಲಿಯುತ್ತ, "ಓದಿದ್ದೀಯ, ನೀನಾದರೂ ನೆರಳಲ್ಲಿ ಕೂತು ಉಣ್ಣು" ಎಂದು ನನ್ನ ಕಾಲೇಜಿನ ಶುಲ್ಕ ಕಟ್ಟಿದವನು ಅವನು.

ಹುಡುಗ ಬಹಳ ಹೊತ್ತು ಮಾತನಾಡಲಿಲ್ಲ. ಹಿಂದಿರುಗುವಾಗ ಕಾರಿನಲ್ಲಿ, "ಹಾಗಾದರೆ ಯಾವುದು ಕೊಳ್ಳಲಿ ಸಾರ್?" ಎಂದು ಕೇಳಿದ. ಯಾವುದಾದರೂ ಕೊಳ್ಳು, ಒಳಗೇನಿದೆ ಎಂದು ಹೊರಗಿನಿಂದ ತಿಳಿಯುವಂತೆ ಮಾಡಿಕೋ ಎಂದೆ.

ಅವನು ಕೊನೆಗೆ ಕೊಂಡುದು ಚಕಮಕಿ ಕೋವಿಯನ್ನು. ಕ್ರಿಸ್‌ಮಸ್ ನಂತರದ ಬೇಟೆಗೆ ಅದೇ ಬೇಕಿತ್ತು ಎಂಬುದೂ ಒಂದು ಕಾರಣ. ಅಂಗಡಿಯಲ್ಲೇ ಬರಿಯ ನಳಿಗೆಗೆ ಗಜ ಇಳಿಸಿ, ಬಾಯಿಯ ಮಟ್ಟಕ್ಕೆ ಸರಿಯಾಗಿ ಗಜದ ಮೇಲೆ ಚಾಕುವಿನಿಂದ ಒಂದು ಗೀರು ಎಳೆಯೆಂದೆ. ಈಡು ತುಂಬಿದ ಮೇಲೆ ಮತ್ತೆ ಇಳಿಸಿ ಇನ್ನೊಂದು ಗೀರು. ಕೈಗೆತ್ತಿಕೊಂಡಾಗಲೆಲ್ಲ ಗಜ ಇಳಿಸಿ ನೋಡಿದರೆ ನಳಿಗೆ ಖಾಲಿಯೋ ತುಂಬಿದೆಯೋ ತಾನೇ ಹೇಳುತ್ತದೆ. ಅಂಗಡಿಯ ವೃದ್ಧರು ಏನೂ ಹೇಳದೆ ಒಳಗೆ ಹೋಗಿ ತಮ್ಮ ಸ್ವಂತ ಕೋವಿಯ ಗಜ ತಂದು ತೋರಿಸಿದರು. ಸವೆದು ಕಪ್ಪಾದ ಎರಡು ಗೀರು ಅದರ ಮೇಲಿದ್ದವು.

ಬೇಟೆಯ ಮೊದಲ ದಿನ ಸಂಜೆ ಫೋನ್ ಬಂತು. ಹಿಮ ಬಿದ್ದು ಬಟ್ಟಲಿನ ಮದ್ದು ತೇವವಾಯಿತು, ಒಂದೇ ಒಂದು ಜಿಂಕೆ ಎದುರಾದಾಗ ಕಿಡಿ ಹಾರಿತೇ ಹೊರತು ಈಡು ಹಾರಲಿಲ್ಲ, ಜಿಂಕೆ ನಿಂತು ನೋಡಿ ಹೋಯಿತು. "ಮನೆಗೆ ಬಂದವನೇ ಗಜ ಇಳಿಸಿ ನೋಡಿದೆ ಸಾರ್, ಕೆಳಗಿನ ಗೀರೇ ಬಾಯಿಯ ಮಟ್ಟಕ್ಕಿತ್ತು. ಈಡು ತೆಗೆದ ಮೇಲೆಯೇ ಊಟಕ್ಕೆ ಕೂತದ್ದು" ಎಂದ.