ದರಿಯಾ ದೌಲತ್ ಉದ್ಯಾನಮಂದಿರ ಮತ್ತು ಅದರ ಪೂರ್ವಭಿತ್ತಿಯ ರಾಜರು

ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗಿನ ಅರಮನೆಯಲ್ಲಿ, ಪೂರ್ವದ ಗೋಡೆಯ ಮೇಲೆ, ಚಿತ್ರದುರ್ಗದ ಮದಕರಿನಾಯಕನ ಚಿತ್ರವಿದೆ. ಟಿಪ್ಪುಸುಲ್ತಾನನ ಬೇಸಗೆಯ ಅರಮನೆಯೆಂದು ಪ್ರಸಿದ್ಧವಾದ ಆ ಕಟ್ಟಡವನ್ನು ನೋಡಲು ಹೋಗುವ ದಾವಣಗೆರೆ, ಹರಿಹರದ ಕಡೆಯ ಪ್ರವಾಸಿಗರಲ್ಲಿ ಈ ಚಿತ್ರದ ಮುಂದೆ ನಿಲ್ಲುವವರು ಕಡಮೆ. ಎಲ್ಲರೂ ಪಶ್ಚಿಮದ ಗೋಡೆಯ ಪೊಳ್ಳಿಲೂರು ಯುದ್ಧದ ಚಿತ್ರವನ್ನು ನೋಡಿ, ಒಳಗಿನ ವಸ್ತುಸಂಗ್ರಹಾಲಯವನ್ನು ಸುತ್ತಿ ಹೊರಬರುತ್ತಾರೆ. ತಂದೆಯು ಸೆರೆಹಿಡಿದು ತಂದ ಪಾಳೆಯಗಾರನ ಚಿತ್ರವು ಮಗನ ವಿಹಾರಮಂದಿರದ ಗೋಡೆಗೆ ಏಕೆ ಬಂದಿತು, ಯಾವಾಗ ಬಂದಿತು ಎಂಬ ಪ್ರಶ್ನೆಯನ್ನು ಪ್ರಸ್ತುತ ಲೇಖನದಲ್ಲಿ ಎತ್ತಿಕೊಂಡಿದ್ದೇನೆ. ಅದಕ್ಕೆ ಮೊದಲು ಕಟ್ಟಡದ ಮತ್ತು ತೋಟದ ಪರಿಚಯ ಅವಶ್ಯ.

ಮೊದಲಿಗೆ ಹೆಸರು. ದೌಲತ್ ಎಂದರೆ ಸಂಪತ್ತು, ಬಾಗ್ ಎಂದರೆ ತೋಟ. ದರಿಯಾ ಎಂಬ ಪಾರಸೀ ಶಬ್ದಕ್ಕೆ ಸಮುದ್ರ ಎಂಬ ಅರ್ಥವೂ ಉಂಟು, ಹೊಳೆ ಎಂಬ ಅರ್ಥವೂ ಉಂಟು. 'ಸಮುದ್ರದ ಸಂಪತ್ತು' ಎಂದೇ ಸಾಮಾನ್ಯವಾಗಿ ಅನುವಾದಿಸುತ್ತಾರೆ. ಆದರೆ ಅರಮನೆಯಿರುವುದು ಕಾವೇರಿಯ ಉತ್ತರದ ಕವಲಿನ ದಡದಲ್ಲಿ, ಕೋಟೆಯ ಹೊರಗೆ, ಪೂರ್ವಕ್ಕೆ ಸುಮಾರು ಒಂದು ಕಿಲೋಮೀಟರಿನಷ್ಟು ದೂರದಲ್ಲಿ. ಅಲ್ಲಿಂದ ಕಡಲು ಘಟ್ಟದಾಚೆ. ಹೊಳೆ ಎಂಬ ಅರ್ಥವನ್ನು ಇಟ್ಟುಕೊಂಡರೆ ಹೆಸರು ಸ್ಥಳಕ್ಕೆ ನೇರವಾಗಿ ಹೊಂದುತ್ತದೆ. ಕಡಲು ಎಂಬ ಅರ್ಥವನ್ನು ಕೈಬಿಡಲು ಮನಸ್ಸು ಒಪ್ಪದಿರುವುದಕ್ಕೆ ಕಾರಣ, ಕಟ್ಟಡದ ಕಾಲ. ಅರಮನೆ ಮುಗಿದದ್ದು 1784ರಲ್ಲಿ. ಅದೇ ವರ್ಷದ ಮಾರ್ಚ್ 11ರಂದು ಮಂಗಳೂರಿನ ಒಪ್ಪಂದವಾಗಿ ಟಿಪ್ಪುವಿನ ಕರಾವಳಿ ಅವನ ಕೈಯಲ್ಲೇ ಉಳಿಯಿತು. ಎರಡು ವರ್ಷಗಳ ಬಳಿಕ ಕಾನ್‌ಸ್ಟಾಂಟಿನೋಪಲ್ಲಿಗೆ ಅವನು ಕಳುಹಿಸಿದ ರಾಯಭಾರಿಗಳು ಹಡಗು ಹತ್ತಿದ್ದು ಅಘನಾಶಿನಿಯ ಅಳಿವೆಯಲ್ಲಿರುವ ತದಡಿಯಲ್ಲಿ. ಮಸ್ಕತ್ತಿನಲ್ಲಿ ಅವನ ವ್ಯಾಪಾರದ ಕೋಠಿಯಿತ್ತು. ಕಡಲಿನ ಕಡೆಗೆ ಇಷ್ಟು ನೋಟವಿಟ್ಟಿದ್ದ ಅರಸನು ಹೊಳೆಯ ದಡದ ತೋಟಕ್ಕೆ ಎರಡರ್ಥದ ಈ ಹೆಸರನ್ನು ತಿಳಿದೇ ಇಟ್ಟಿರಬಹುದು. ಇದು ನನ್ನ ಊಹೆ, ಆಧಾರವಿರುವ ಮಾತಲ್ಲ.

(ನಮ್ಮ ಕರಾವಳಿಯಲ್ಲಿ ಮನೆಯೇ ವಸ್ತುಸಂಗ್ರಹಾಲಯವಾದ ಇನ್ನೊಂದು ನಿದರ್ಶನ ಮಂಗಳೂರಿನ ಬಿಜೈಯಲ್ಲಿದೆ. ವೈದ್ಯರಾಗಿದ್ದ ಕರ್ನಲ್ ಮಿರಜ್‌ಕರ್ ಅವರು ತಾಯಿಯ ನೆನಪಿಗಾಗಿ ಸರಕಾರಕ್ಕೆ ಕೊಟ್ಟ ಶ್ರೀಮಂತಿ ಬಾಯಿ ಸ್ಮಾರಕ ಸಂಗ್ರಹಾಲಯದ ಕಟ್ಟಡಕ್ಕೆ ಹಡಗಿನ ಆಕಾರವಿದೆ. ಅಲ್ಲಿ ಕಡಲು ಕಟ್ಟಡದ ರೂಪದಲ್ಲಿ ಬಂದರೆ ಇಲ್ಲಿ ಬರಿಯ ಹೆಸರಿನಲ್ಲಿ ಬಂದಿದೆ.)

ಹೊಯ್ಸಳರ ಶಿಲೆಯನ್ನು ನೋಡಿ ಬೆಳೆದ ನಮ್ಮ ಕಣ್ಣಿಗೆ ದರಿಯಾ ದೌಲತ್ ಮೊದಲು ಅರಮನೆಯಂತೆ ಕಾಣುವುದಿಲ್ಲ. ಅದು ತಗ್ಗಾದ, ಚೌಕಾಕಾರದ, ಹೆಚ್ಚಿನ ಭಾಗ ಮರದಲ್ಲೇ ಆದ ಕಟ್ಟಡ. ಆಳೆತ್ತರಕ್ಕೆ ಸ್ವಲ್ಪ ಕಡಮೆಯಾದ ಜಗಲಿಯ ಮೇಲೆ ನಿಂತಿದೆ. ಜಗಲಿಯ ಅಂಚಿನುದ್ದಕ್ಕೂ ಮರದ ಕಂಬಗಳ ಸಾಲು. ಕಂಬಗಳಿಗೂ ಒಳಗಿನ ಗೋಡೆಗೂ ನಡುವೆ ನಾಲ್ಕೂ ಕಡೆ ಕೈಸಾಲೆ. ಪೂರ್ವ ಪಶ್ಚಿಮಗಳಲ್ಲಿ ಪೂರ್ಣ ಗೋಡೆಗಳು. ಉಳಿದೆರಡು ದಿಕ್ಕುಗಳಲ್ಲಿ ಒಳಸರಿದ, ಕಂಬಗಳು ಮಾಡನ್ನು ಹೊತ್ತ ಅಂಕಣಗಳು. ಮೇಲಂತಸ್ತಿಗೆ ಹೋಗುವ ನಾಲ್ಕು ಮೆಟ್ಟಿಲಸಾಲುಗಳನ್ನು ಅಡ್ಡಗೋಡೆಗಳ ನಡುವೆ ಹುದುಗಿಸಿದ್ದಾರೆ, ಹೊರಗಿನಿಂದ ಅವು ಕಾಣವು. ನಡುವೆ ಸಭಾಂಗಣ, ಮೂಲೆಗಳಲ್ಲಿ ಕೋಣೆಗಳು, ಮೇಲೆ ಕೆಳಗಿನ ಸಭೆಯನ್ನು ನೋಡಬಹುದಾದ ಮೊಗಸಾಲೆಗಳು. ಮರದ ಮೇಲ್ಚಾವಣಿಗೆ ಬಟ್ಟೆಯನ್ನು ಅಂಟಿಸಿ ಅದರ ಮೇಲೆ ಹೂಬಳ್ಳಿಗಳನ್ನು ಬರೆದಿದ್ದಾರೆ. ಗಾಳಿ, ನೆರಳು, ತಂಪು, ಇವೇ ಈ ಕಟ್ಟಡದ ಮುಖ್ಯ ಉದ್ದೇಶಗಳು. ರಕ್ಷಣೆಯ ಯಾವ ಏರ್ಪಾಡೂ ಇದಕ್ಕಿಲ್ಲ. ಅದು ಕೋಟೆಯ ಕೆಲಸ.

ತೋಟವು ಪಾರಸೀ ಪದ್ಧತಿಯ ಚಹರ್‌ಬಾಗ್, ಅಂದರೆ ದಾರಿಗಳಿಂದ ನಾಲ್ಕಾಗಿ ಪಾಲಾದ ತೋಟ. ಅರಮನೆಯಿರುವುದು ಅದರ ನಡುವೆ. ಇಂದು ಅಲ್ಲಿ ಕಾಣುವ ನುಣ್ಣನೆಯ ಹುಲ್ಲುಹಾಸನ್ನು, ಕತ್ತರಿಸಿ ಒಪ್ಪವಿಟ್ಟ ಗಿಡಗಳನ್ನು ಟಿಪ್ಪುವಿನ ಕಾಲದ್ದೆಂದು ತಿಳಿಯಬಾರದು. ಹುಲ್ಲುಹಾಸಿನ ರುಚಿ ಆಂಗ್ಲರದು. ಹೈದರನೂ ಟಿಪ್ಪುವೂ ಬೆಳೆಸಿದ್ದು ಹಣ್ಣು ಹೂವುಗಳ ತೋಟಗಳನ್ನು. 1787ರಲ್ಲಿ ಫ್ರಾನ್ಸಿಗೆ ಹೊರಟ ರಾಯಭಾರಿಗಳ ಮೂಲಕ ಟಿಪ್ಪು ಲೂಯಿ ದೊರೆಯಿಂದ ಕುಶಲಕರ್ಮಿಗಳ ಜೊತೆಗೆ ಗಿಡಗಳನ್ನೂ ಬೀಜಗಳನ್ನೂ ಬೇಡಿದ್ದನು. ಹಳೆಯ ತೋಟಗಳಿಗೆ ಏನಾಯಿತೆಂಬುದನ್ನು ತಿಳಿಯಲು ದ್ವೀಪದ ಪೂರ್ವದ ತುದಿಗೆ ಹೋಗಬೇಕು. ಅಲ್ಲಿ ಹೈದರನ ಸಮಾಧಿಯಾದ ಗುಂಬಜ್ ಇರುವ ಲಾಲ್‌ಬಾಗಿನ ಸರ್ವವೃಕ್ಷಗಳನ್ನೂ ಹಣ್ಣಿನ ಮರಗಳನ್ನೂ 1792ರ ಫೆಬ್ರವರಿಯಲ್ಲಿ ಕಾರ್ನ್‌ವಾಲಿಸನ ಸೈನ್ಯ ಕಡಿದು ಮುತ್ತಿಗೆಯ ಸಾಮಗ್ರಿಗೆ ಬಳಸಿತು. ತೋಟದ ಅರಮನೆ ಗಾಯಾಳುಗಳ ಆಸ್ಪತ್ರೆಯಾಯಿತು.

ಇನ್ನು ಗೋಡೆಗಳು. ಉತ್ತರ ದಕ್ಷಿಣಗಳಲ್ಲಿ ಹೂಬಳ್ಳಿಯ ವಿನ್ಯಾಸಗಳಿವೆ. ಪಶ್ಚಿಮದ ಗೋಡೆಯಲ್ಲಿ, ಬಾಗಿಲಿನ ಒಂದು ಬದಿಗೆ ಹೈದರ್ ಮತ್ತು ಟಿಪ್ಪುವಿನ ಮೆರವಣಿಗೆಗಳು, ಇನ್ನೊಂದು ಬದಿಗೆ 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿ ನಡೆದ ಪೊಳ್ಳಿಲೂರು ಯುದ್ಧ. ಕರ್ನಲ್ ಬೇಲಿಯ ಸೈನ್ಯ ಚೌಕವಾಗಿ ಒತ್ತಿಕೊಂಡು ನಿಂತಿದೆ, ನಡುವೆ ಮದ್ದಿನ ಬಂಡಿ ಸಿಡಿದಿದೆ, ಗಾಯಗೊಂಡ ಬೇಲಿ ಪಲ್ಲಕ್ಕಿಯಲ್ಲಿ ಕುಳಿತು ಬೆರಳು ಕಚ್ಚಿಕೊಂಡಿದ್ದಾನೆ. ಸುತ್ತಲೂ ಕುದುರೆಗಳ ಪ್ರವಾಹ. ತಂದೆ ಮಗ ಇಬ್ಬರೂ ಕೈಯಲ್ಲಿ ಹೂವು ಹಿಡಿದು ತೋಟದಲ್ಲಿ ತಿರುಗಾಡುವವರಂತೆ ಆನೆಗಳ ಮೇಲೆ ಸಮಾಧಾನದಿಂದ ಕುಳಿತಿದ್ದಾರೆ. ಅರಸನ ಶಾಂತಮುದ್ರೆಗೂ ಸೈನಿಕರ ಗದ್ದಲಕ್ಕೂ ಇರುವ ಈ ಅಂತರವೇ ಚಿತ್ರದ ಜೀವಾಳ.

ಈ ಚಿತ್ರಗಳು ನಮಗೆ ದೊರೆತ ಬಗೆಯನ್ನು ಸಾಹಿತ್ಯದ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ಓಲೆಗರಿಯ ಗ್ರಂಥವೊಂದನ್ನು ಲಿಪಿಕಾರರು ಮತ್ತೆ ಮತ್ತೆ ಪ್ರತಿ ಮಾಡಿದಾಗ ಪಾಠಭೇದಗಳು ಹುಟ್ಟುವಂತೆಯೇ ಇಲ್ಲಿಯೂ ಆಗಿದೆ. 1799ರ ಮುತ್ತಿಗೆಗೆ ಮೊದಲೇ ಚಿತ್ರಗಳು ಅಳಿಸಲ್ಪಟ್ಟಿದ್ದವು. ಟಿಪ್ಪು ಮಡಿದ ಬಳಿಕ ದರಿಯಾ ದೌಲತ್‌ನಲ್ಲಿ ವಾಸಿಸಿದ ಕರ್ನಲ್ ಆರ್ಥರ್ ವೆಲ್ಲೆಸ್ಲಿ, ಅಂದರೆ ಮುಂದೆ ವೆಲ್ಲಿಂಗ್‌ಟನ್ನಿನ ಡ್ಯೂಕ್ ಆದವನು, ಅವುಗಳನ್ನು ಸರಿಪಡಿಸಿದನು. ಅನಂತರ ಯಾರೋ ಗೋಡೆಗಳಿಗೆ ಸುಣ್ಣ ಬಳಿದರು. 1855ರ ಸುಮಾರಿಗೆ ಗವರ್ನರ್ ಜನರಲ್ ಡಾಲ್‌ಹೌಸಿ ಮೈಸೂರಿಗೆ ಬಂದಾಗ, ಹಿಂದಿನ ಚಿತ್ರಗಳನ್ನು ಕಂಡಿದ್ದ ದೇಶೀಯ ಚಿತ್ರಗಾರನೊಬ್ಬ ಇನ್ನೂ ಬದುಕಿದ್ದನು; ಅವನ ನೆನಪಿನಿಂದ ಗೋಡೆಗಳನ್ನು ಮತ್ತೆ ಬರೆಯಿಸಲಾಯಿತು. ಡಾಲ್‌ಹೌಸಿಗೆ ಅದು ಟಿಪ್ಪುವಿನ ಮನೆ ಎಂಬುದಕ್ಕಿಂತ ವೆಲ್ಲಿಂಗ್‌ಟನ್ ವಾಸಿಸಿದ್ದ ಮನೆ ಎಂಬುದು ಮುಖ್ಯವಾಗಿತ್ತು. ಬ್ರಿಟಿಷರ ಸೋಲಿನ ಚಿತ್ರವನ್ನು ಬ್ರಿಟಿಷರೇ ಎರಡು ಸಲ ಉಳಿಸಿದ ವಿಚಿತ್ರವನ್ನು ಹೀಗೆ ಅರ್ಥಮಾಡಿಕೊಳ್ಳಬೇಕು.

ಹಾಗಾದರೆ ಇಂದು ನಾವು ನೋಡುತ್ತಿರುವುದು 1784ರ ಮೂಲಪಾಠವಲ್ಲ. ಎಲ್ಲಿಯಾದರೂ ಪ್ರಕ್ಷಿಪ್ತವಿದೆಯೇ? ಪೂರ್ವದ ಗೋಡೆಯಲ್ಲಿ ಐದು ಸಾಲುಗಳಲ್ಲಿ ನಾನಾ ಅರಸರ ದರ್ಬಾರುಗಳಿವೆ. ಚಿತ್ತೂರಿನ ರಾಣಿ, ತಂಜಾವೂರಿನ ರಾಜ, ಕಾಶಿಯ ರಾಜ, ಪೇಶ್ವೆ, ಮಾಗಡಿಯ ಕೆಂಪೇಗೌಡ, ಚಿತ್ರದುರ್ಗದ ಮದಕರಿನಾಯಕ ಮೊದಲಾದವರನ್ನು ಗುರುತಿಸುತ್ತಾರೆ. ಅವರ ನಡುವೆ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರನ್ನೂ ಗುರುತಿಸುತ್ತಾರೆ. ಮುಮ್ಮಡಿಯವರು ಹುಟ್ಟಿದ್ದು 1794ರಲ್ಲಿ. ಪಟ್ಟವಾದದ್ದು 1799ರ ಜೂನ್ 30ರಂದು, ಟಿಪ್ಪು ಮಡಿದು ಎರಡು ತಿಂಗಳಾಗುವುದರೊಳಗೆ. ಗುರುತು ಸರಿಯಾಗಿದ್ದರೆ ಈ ಚಿತ್ರವನ್ನು ಟಿಪ್ಪು ಬರೆಯಿಸಿರುವುದು ಸಾಧ್ಯವೇ ಇಲ್ಲ.

ಗುರುತು ಸರಿಯಾದದ್ದೆಂದೇ ನನ್ನ ಅಭಿಪ್ರಾಯ. 1855ರಲ್ಲಿ ಮುಮ್ಮಡಿಯವರು ಮೈಸೂರಿನಲ್ಲಿ ಬದುಕಿದ್ದರು, ಚಿತ್ರಕಲೆಗೆ ದೊಡ್ಡ ಆಶ್ರಯದಾತರೂ ಆಗಿದ್ದರು. ಮೈಸೂರು ಸೀಮೆಯ ಚಿತ್ರಗಾರನು ಅರಸರ ಸಾಲನ್ನು ಬರೆಯುವಾಗ ತನ್ನ ಕಾಲದ ಅರಸನನ್ನು ಬಿಡುವುದು ಹೇಗೆ? 1800ರಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಫ್ರಾನ್ಸಿಸ್ ಬುಕಾನನ್ ಈ ಗೋಡೆಗಳ ವಿಷಯವನ್ನು ಬರೆದಿದ್ದಾನೆ. ಅವನು ಹೇಳುವುದು ಹೈದರ್ ಟಿಪ್ಪುವಿನ ಮೆರವಣಿಗೆ, ಬೇಲಿಯ ಸೋಲು, ಮೈಸೂರು ಸೀಮೆಯ ಬೇರೆ ಬೇರೆ ಜಾತಿ ವೃತ್ತಿಗಳ ಜನರ ವೇಷಭೂಷಣ, ಇವಿಷ್ಟನ್ನು. ಮೊದಲೆರಡು ಇಂದಿಗೂ ಇವೆ. ಮೂರನೆಯದರ ಜಾಗದಲ್ಲಿ ಅರಸರ ದರ್ಬಾರುಗಳು ಬಂದಿವೆಯೇ ಎಂಬ ಸಂಶಯ ಏಳುತ್ತದೆ. ಹೇಳದಿರುವುದು ಇಲ್ಲದಿರುವುದಕ್ಕೆ ಪ್ರಮಾಣವಾಗದು, ನಿಜ. ಆದರೂ ಈ ಎರಡು ಸಂಗತಿಗಳು ಒಂದೇ ಕಡೆಗೆ ಕೈತೋರುತ್ತವೆ.

ಈಗ ಮದಕರಿನಾಯಕನ ವಿಷಯ. ಹೈದರನು 1779ರಲ್ಲಿ ಚಿತ್ರದುರ್ಗವನ್ನು ಗೆದ್ದು ನಾಯಕನನ್ನು ಕುಟುಂಬಸಹಿತ ಶ್ರೀರಂಗಪಟ್ಟಣಕ್ಕೆ ಒಯ್ದನು. ನಾಯಕನು ಮರಳಲಿಲ್ಲ. ಅವನೊಡನೆ ದುರ್ಗದ ಸುಮಾರು 20,000 ಬೇಡರನ್ನು ಶ್ರೀರಂಗಪಟ್ಟಣದ ದ್ವೀಪದಲ್ಲಿ ನೆಲೆಗೊಳಿಸಲು ಕಳುಹಿಸಿದನೆಂದೂ ಅವರ ಹುಡುಗರಿಂದ ಚೇಲಾ ಪಡೆಗಳನ್ನು ಕಟ್ಟಿದನೆಂದೂ ಬ್ರಿಟಿಷರ ಕಾಲದ ಗ್ಯಾಸೆಟಿಯರ್ ಹೇಳುತ್ತದೆ. ದರಿಯಾ ದೌಲತ್ ಮುಗಿದದ್ದು ಇದಾದ ಐದೇ ವರ್ಷಕ್ಕೆ. ಅಂದರೆ ಆ ತೋಟದ ಸುತ್ತಲಿನ ಊರಿನಲ್ಲಿ ನಮ್ಮ ಸೀಮೆಯ ಜನರು ಸಾವಿರಗಟ್ಟಲೆ ಇದ್ದರು. ಅದೇ ಹೈದರನು ದಾವಣಗೆರೆಯನ್ನು ಅಪ್ಪೋಜಿರಾಮನೆಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟನು. ವರ್ತಕರು ಬಂದು ನೆಲೆಸಿ ಊರು ಪೇಟೆಯಾದದ್ದು ಆಗಿನಿಂದ. 1997ರವರೆಗೆ ದಾವಣಗೆರೆಯೂ ಹರಿಹರವೂ ಚಿತ್ರದುರ್ಗ ಜಿಲ್ಲೆಯವೇ ಆಗಿದ್ದವೆಂಬುದನ್ನು ನೆನೆದರೆ, ಒಂದು ಸೀಮೆಯ ಕೋಟೆ ಬರಿದಾಗಿ ಪೇಟೆ ಬೆಳೆದದ್ದು ಒಬ್ಬನೇ ದೊರೆಯ ಕೈಯಿಂದ ಎಂಬುದು ಕಾಣುತ್ತದೆ.

ಇನ್ನೊಂದು ಸಂಗತಿ ನನ್ನ ಕಣ್ಣಿಗೆ ಬಿದ್ದದ್ದು ತಡವಾಗಿ. ಮಾಗಡಿಯ ಕೊನೆಯ ಕೆಂಪೇಗೌಡನನ್ನು 1728ರಲ್ಲಿ ಮೈಸೂರಿನ ದಳವಾಯಿ ಸೆರೆಹಿಡಿದನು. ಅವನು ತೀರಿಕೊಂಡದ್ದು ಶ್ರೀರಂಗಪಟ್ಟಣದ ಸೆರೆಯಲ್ಲಿ. ಪಶ್ಚಿಮದ ಗೋಡೆಯ ಕರ್ನಲ್ ಬೇಲಿ 1782ರಲ್ಲಿ ಸತ್ತದ್ದೂ ಅದೇ ಊರಿನ ಸೆರೆಯಲ್ಲಿ. ಪೂರ್ವದ ಗೋಡೆಯಲ್ಲಿರುವುದು ಆ ಕೊನೆಯ ಕೆಂಪೇಗೌಡನೇ ಆಗಿದ್ದರೆ, ಈ ವಿಹಾರಮಂದಿರದ ಚಿತ್ರಗಳಲ್ಲಿ ಶ್ರೀರಂಗಪಟ್ಟಣದ ಸೆರೆಯಾಳುಗಳು ಮೂವರಿದ್ದಾರೆ. ಬೇಲಿಯನ್ನು ಸೋತವನಾಗಿ ಬರೆದಿದ್ದಾರೆ. ಉಳಿದಿಬ್ಬರನ್ನು ದರ್ಬಾರಿನಲ್ಲಿ ಕುಳಿತ ಅರಸರಾಗಿಯೇ ಬರೆದಿದ್ದಾರೆ. ಟಿಪ್ಪುವೇ ಬರೆಯಿಸಿದ್ದರೆ ಮದಕರಿಯನ್ನು ಬೇಲಿಯಂತೆಯೇ ಚಿತ್ರಿಸುವುದು ಸಹಜವಾಗಿತ್ತು. ಆದುದರಿಂದ ಮದಕರಿಯ ಚಿತ್ರವೂ ಮುಮ್ಮಡಿಯವರ ಚಿತ್ರದೊಡನೆ ಬಂದದ್ದು, ದ್ವೀಪದ ಜನರ ನೆನಪಿನಿಂದ ಚಿತ್ರಗಾರನ ಕುಂಚಕ್ಕೆ ಇಳಿದದ್ದು ಎಂದು ನಾನು ಭಾವಿಸುತ್ತೇನೆ. ಬಣ್ಣದ ಪದರಗಳನ್ನು ಪರೀಕ್ಷಿಸಬಲ್ಲವರು ಇದನ್ನು ಒಪ್ಪಬಹುದು ಅಥವಾ ಅಲ್ಲಗಳೆಯಬಹುದು.

ಹರಿಹರದಲ್ಲಿ ನಮಗೆ ಈ ಕಷ್ಟವಿಲ್ಲ. ಹರಿಹರೇಶ್ವರ ದೇವಾಲಯವನ್ನು ಪೋಲಾಳ್ವ ದಂಡನಾಯಕನು 1224ರಲ್ಲಿ ಕಟ್ಟಿಸಿದನೆಂದೂ 1268ರಲ್ಲಿ ಸೋಮ ದಂಡನಾಯಕನು ಮಹಾದ್ವಾರವನ್ನು ಸೇರಿಸಿದನೆಂದೂ ಅಲ್ಲಿಯ ಶಾಸನಗಳೇ ಹೇಳುತ್ತವೆ. ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಕಲ್ಲಿನಲ್ಲೇ ಇದೆ. ದರಿಯಾ ದೌಲತ್‌ನಲ್ಲಿ ಮೂರು ಕಾಲದ ಬಣ್ಣಗಳು ಒಂದರ ಮೇಲೊಂದು ಇದ್ದು, ಯಾವುದಕ್ಕೂ ತೇದಿಯಿಲ್ಲ.

1959ರಲ್ಲಿ ಅರಮನೆಯೊಳಗೆ ಟಿಪ್ಪುಸುಲ್ತಾನ್ ವಸ್ತುಸಂಗ್ರಹಾಲಯ ಆರಂಭವಾಯಿತು. ಪುರಾತತ್ತ್ವ ಇಲಾಖೆಯ ಆಡಳಿತದಲ್ಲಿರುವ ಅದರಲ್ಲಿ ನಾಣ್ಯಗಳು, ಆಯುಧಗಳು, ಥಾಮಸ್ ಹಿಕಿ ಬರೆದ ಟಿಪ್ಪುವಿನ ಮಕ್ಕಳ ಪೆನ್ಸಿಲ್ ರೇಖಾಚಿತ್ರಗಳು ಮುಂತಾದುವು ಇವೆ. ಹಿಕಿಯ ರೇಖೆಗಳು ಬಹಳ ಚೆನ್ನಾಗಿವೆ. ಅವನ್ನು ನಿಧಾನವಾಗಿ ನೋಡಬೇಕು. ಹೊರಗೆ ಕೈಸಾಲೆಗೆ ಬಿಸಿಲು ಬೀಳದಂತೆ ಹಸಿರು ಪರದೆಗಳನ್ನು ಇಳಿಬಿಟ್ಟಿರುವುದರಿಂದ ಚಿತ್ರಗಳು ಮಬ್ಬುಬೆಳಕಿನಲ್ಲಿರುತ್ತವೆ. ಬೆಳಗಿನ ಹೊತ್ತು ಪೂರ್ವದ ಗೋಡೆಗೆ ಹೋಗುವುದು ಒಳ್ಳೆಯದು.

ಪೊಳ್ಳಿಲೂರಿನ ಚಿತ್ರಕ್ಕೆ ಹೊರಗಿನ ಸಾಕ್ಷಿಯೊಂದಿದೆ. 24 ಹಾಳೆಗಳನ್ನು ಜೋಡಿಸಿದ, ಸುಮಾರು ಹತ್ತು ಮೀಟರ್ ಉದ್ದದ ಅದರ ಕಾಗದದ ಪಾಠವನ್ನು ಬ್ರಿಟಿಷ್ ಅಧಿಕಾರಿಯೊಬ್ಬನು ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲೇ ಇಂಗ್ಲೆಂಡಿಗೆ ಒಯ್ದಿದ್ದನು. 2022ರಲ್ಲಿ ಅದು ಲಂಡನ್ನಿನ ಹರಾಜಿನಲ್ಲಿ 6,30,000 ಪೌಂಡುಗಳಿಗೆ ಮಾರಾಟವಾಯಿತು. ಪಶ್ಚಿಮದ ಗೋಡೆಯಲ್ಲಿ 1855ರ ಚಿತ್ರಗಾರನ ನೆನಪು ಎಷ್ಟು ನಿಷ್ಠವಾಗಿತ್ತೆಂಬುದನ್ನು ಆ ಹಾಳೆಗಳ ಪಕ್ಕದಲ್ಲಿಟ್ಟು ಅಳೆಯಬಹುದು. ಪೂರ್ವದ ಗೋಡೆಗೆ ಅಂತಹ ನೆರವಿಲ್ಲ. ಆ 24 ಹಾಳೆಗಳಲ್ಲಿರುವುದು ಯುದ್ಧ ಮಾತ್ರ. ಮದಕರಿಯೂ ಇಲ್ಲ, ಕೆಂಪೇಗೌಡನೂ ಇಲ್ಲ.